ಸ್ನಾಯುಗಳ ಅನೈಚ್ಛಿಕ ಸ್ಫುರಣ ಮತ್ತು ಅದರ ಕಾರಣಗಳು

ಬಲಗಣ್ಣು ಅದುರಿದರೆ ಗಂಡಸಿಗೆ ಶುಭ, ಎಡಗಣ್ಣು ಅದುರಿದರೆ ಹೆಂಗಸಿಗೆ ಶುಭ ಎಂಬ ನಂಬಿಕೆ ನಮ್ಮ ಜನರಲ್ಲಿ ಬಹು ಹಿಂದಿನಿಂದಲೂ ನಡೆದುಬಂದಿದೆ. ಕವಿಗಳು ಇದನ್ನು ಧಾರಾಳವಾಗಿ ಬಳಸಿಕೊಂಡಿದ್ದಾರೆ. ವಾಲ್ಮೀಕಿರಾಮಾಯಣದ ಸುಂದರಕಾಂಡದಲ್ಲಿ ಎಲ್ಲ ಆಸೆಯನ್ನೂ ತೊರೆದು ಕುಳಿತ ಸೀತೆಯ ಎಡಗಣ್ಣು ಅದುರುತ್ತದೆ; ಕಾಳಿದಾಸನ ಶಾಕುಂತಲದ ಮೊದಲನೆಯ ಅಂಕದಲ್ಲಿ ಕಣ್ವಾಶ್ರಮವನ್ನು ಹೊಗುವ ದುಷ್ಯಂತನ ತೋಳು ಅದುರುತ್ತದೆ. ಇಂದಿನ ವಿದ್ಯಾವಂತ ತರುಣನು ಇಂತಹ ಶಕುನಗಳನ್ನು ನಂಬದಿರಬಹುದು. ಆದರೆ ಅವನನ್ನು ಬೇರೊಂದು ಭಯ ಕಾಡುತ್ತದೆ. ನರರೋಗಗಳ ಪಾಠವನ್ನು ಕೇಳಿದ ವೈದ್ಯವಿದ್ಯಾರ್ಥಿಯು ಅದೇ ವಾರ ತನ್ನ ಹೆಬ್ಬೆರಳಿನ ಬುಡವೊ ಮೀನಖಂಡವೊ ತಾನಾಗಿಯೇ ಮಿಡಿಯುವುದನ್ನು ಕಂಡು, ತನಗೆ ವಾಸಿಯಾಗದ ರೋಗವೊಂದು ಹಿಡಿದಿದೆಯೆಂದು ರಾತ್ರಿಗಳನ್ನು ನಿದ್ರೆಯಿಲ್ಲದೆ ಕಳೆಯುವುದು ಅಪರೂಪವಲ್ಲ. ಹಳೆಯ ನಂಬಿಕೆಯಲ್ಲಿಯೂ ಈ ಹೊಸ ಭಯದಲ್ಲಿಯೂ ಅಡಗಿರುವ ತರ್ಕದೋಷ ಒಂದೇ ಆಗಿದೆ. ಹಲವು ಕಾರಣಗಳಿಂದ ಹುಟ್ಟಬಹುದಾದ ಒಂದು ಕಾರ್ಯವನ್ನು ಕಂಡು, ಅದಕ್ಕೆ ಒಂದೇ ಒಂದು ಅರ್ಥವನ್ನು ಕಟ್ಟುವುದೇ ಆ ದೋಷ. ಸ್ಫುರಣವೆಂದರೇನು, ಅದು ಎಲ್ಲಿ ಹುಟ್ಟುತ್ತದೆ, ಯಾವಾಗ ಅದನ್ನು ಉಪೇಕ್ಷಿಸಬಹುದು, ಯಾವಾಗ ಉಪೇಕ್ಷಿಸಬಾರದು ಎಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

೧. ಪದಗಳ ವಿವೇಚನೆ

ಮೊದಲು ಪದಗಳ ಅರ್ಥವನ್ನು ಖಚಿತಪಡಿಸಿಕೊಳ್ಳುವುದು ಅವಶ್ಯಕ. ನಮ್ಮ ಇಚ್ಛೆಗೆ ಒಳಪಡದೆ ದೇಹದಲ್ಲಿ ನಡೆಯುವ ಚಲನೆಗಳು ಬಹಳ. ಕೈ ಒಂದೇ ಲಯದಲ್ಲಿ ಹಿಂದುಮುಂದಾಗಿ ಆಡುವುದು ನಡುಕ. ನಿದ್ರೆ ಹತ್ತುತ್ತಿರುವಾಗ ಇಡೀ ಮೈ ಒಮ್ಮೆಲೆ ಬೆಚ್ಚಿದಂತೆ ಎಗರುವುದು, ಬಿಕ್ಕಳಿಕೆ ಬರುವುದು ಮುಂತಾದುವು ಮಿದುಳು ಅಥವಾ ಮಿದುಳುಬಳ್ಳಿಯಿಂದ ಹೊರಡುವ ಹಠಾತ್ ಆಜ್ಞೆಗಳ ಫಲ. ಇವನ್ನು ಮಯೋಕ್ಲೋನಸ್ ಎಂದು ಕರೆಯುತ್ತಾರೆ. ಸ್ನಾಯು ಗಟ್ಟಿಯಾಗಿ ಗಂಟುಕಟ್ಟಿ ನೋಯುವುದು ಸೆಳೆತ. ಇವುಗಳಲ್ಲಿ ಸಾಮಾನ್ಯವಾಗಿ ಇಡೀ ಸ್ನಾಯು, ಇಲ್ಲವೆ ಅನೇಕ ಸ್ನಾಯುಗಳು ಪಾಲುಗೊಳ್ಳುತ್ತವೆ, ಕೀಲು ಅಲುಗುತ್ತದೆ.

ನಾವು ಇಲ್ಲಿ ಹೇಳಹೊರಟಿರುವುದು ಇವುಗಳಿಗಿಂತ ಅಲ್ಪವಾದ ಚಲನೆ. ಸ್ನಾಯುವಿನ ಒಂದು ಸಣ್ಣ ಭಾಗ ಮಾತ್ರ ಕ್ಷಣಕಾಲ ಸಂಕುಚಿತವಾಗಿ ಸಡಿಲಗೊಳ್ಳುತ್ತದೆ. ಚರ್ಮದ ಕೆಳಗೆ ಹುಳುವೊಂದು ಮಿಸುಕಿದಂತೆ ಕಾಣುತ್ತದೆ. ಕೀಲು ಸಾಮಾನ್ಯವಾಗಿ ಅಲುಗುವುದಿಲ್ಲ. ಇದಕ್ಕೆ ಫ್ಯಾಸಿಕ್ಯುಲೇಷನ್ ಎಂಬ ಹೆಸರು ರೂಢಿಯಲ್ಲಿದೆ. ಲ್ಯಾಟಿನ್ನಿನ ಮೂಲಪದಕ್ಕೆ ಸಣ್ಣ ಕಂತೆ ಎಂಬ ಅರ್ಥವಿರುವುದರಿಂದ ಕನ್ನಡದಲ್ಲಿ ಇದನ್ನು ‘ಗುಚ್ಛಸ್ಫುರಣ’ ಎನ್ನಬಹುದು. ಇದಕ್ಕಿಂತಲೂ ಸೂಕ್ಷ್ಮವಾದುದು ಫಿಬ್ರಿಲೇಷನ್, ಎಂದರೆ ‘ತಂತುಸ್ಫುರಣ’. ಇದರಲ್ಲಿ ನರದ ಸಂಪರ್ಕವನ್ನು ಕಳೆದುಕೊಂಡ ಒಂದೊಂದೇ ಸ್ನಾಯುತಂತು ತನ್ನಷ್ಟಕ್ಕೆ ತಾನೇ ಮಿಡಿಯುತ್ತಿರುತ್ತದೆ. ಇದು ಚರ್ಮದ ಮೂಲಕ ಕಾಣತಕ್ಕದ್ದಲ್ಲ. ವಿದ್ಯುತ್ ಉಪಕರಣಕ್ಕೆ ಮಾತ್ರ ಗೋಚರ. ಈ ಎರಡನ್ನೂ ಬಹುಕಾಲ ಒಂದೇ ಎಂದು ಎಣಿಸಿದ್ದರಿಂದ ವೈದ್ಯಗ್ರಂಥಗಳಲ್ಲಿ ಬಹಳ ಗೊಂದಲವಿತ್ತು. ೧೯೩೮ರಲ್ಲಿ ಡೆನಿ-ಬ್ರೌನ್ ಮತ್ತು ಪೆನಿಬೇಕರ್ ಎಂಬ ವಿದ್ವಾಂಸರು ಎರಡನ್ನೂ ಸ್ಪಷ್ಟವಾಗಿ ಬೇರ್ಪಡಿಸಿ ತೋರಿಸಿದರು. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವಿವೇಚನೆಯೆಲ್ಲ ಇದರ ಮೇಲೆ ನಿಂತಿದೆ.

೨. ಚಾಲಕ ಘಟಕ

ಸ್ನಾಯುವಿನ ಮಿಡಿತಕ್ಕೂ ವಿದ್ಯುತ್ತಿಗೂ ಇರುವ ಸಂಬಂಧ ಮೊದಲು ತಿಳಿದುಬಂದುದು ಕಪ್ಪೆಯ ಕಾಲಿನಿಂದ. ಇಟಲಿಯ ಬೊಲೋನ ನಗರದ ಗಾಲ್ವಾನಿಯು ಕತ್ತರಿಸಿದ ಕಪ್ಪೆಯ ಕಾಲು ಲೋಹದ ಸ್ಪರ್ಶದಿಂದ ಎಗರುವುದನ್ನು ಕಂಡು, ಪ್ರಾಣಿಯ ದೇಹದಲ್ಲಿಯೇ ವಿದ್ಯುತ್ತಿದೆಯೆಂದು ೧೭೯೧ರಲ್ಲಿ ಪ್ರಕಟಿಸಿದನು. ವಿದ್ಯುತ್ತು ಎರಡು ಲೋಹಗಳ ಸಂಪರ್ಕದಿಂದ ಹುಟ್ಟಿತೇ ಹೊರತು ಕಪ್ಪೆಯಿಂದಲ್ಲವೆಂದು ವೋಲ್ಟಾ ವಾದಿಸಿದನು. ಆ ವಾದದ ಫಲವಾಗಿ ೧೮೦೦ರಲ್ಲಿ ವಿದ್ಯುತ್ಕೋಶ ಜನಿಸಿತು. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿದ್ದಿತೆಂಬುದು ಕಾಲಕ್ರಮದಲ್ಲಿ ಸಿದ್ಧವಾಯಿತು.

ಮಿದುಳುಬಳ್ಳಿಯಲ್ಲಿರುವ ಒಂದು ಚಾಲಕ ನರಕೋಶವು ಒಂದೇ ಸ್ನಾಯುತಂತುವನ್ನು ಆಳುವುದಿಲ್ಲ. ಅದರಿಂದ ಹೊರಟ ನರತಂತುವು ಸ್ನಾಯುವನ್ನು ಸೇರಿದ ಮೇಲೆ ಮರದಂತೆ ಕವಲೊಡೆದು, ಒಂದೊಂದು ಕವಲೂ ಒಂದೊಂದು ಸ್ನಾಯುತಂತುವನ್ನು ಮುಟ್ಟುತ್ತದೆ. ನರಕೋಶ, ಅದರ ತಂತು, ಅದು ಆಳುವ ಸ್ನಾಯುತಂತುಗಳು ಇವೆಲ್ಲವನ್ನೂ ಒಟ್ಟಾಗಿ ‘ಚಾಲಕ ಘಟಕ’ವೆಂದು ಲಿಡೆಲ್ ಮತ್ತು ಷೆರಿಂಗ್ಟನ್ ೧೯೨೫ರಲ್ಲಿ ಹೆಸರಿಸಿದರು. ಕಣ್ಣುಗುಡ್ಡೆಯನ್ನು ತಿರುಗಿಸುವ ಸ್ನಾಯುಗಳಂತೆ ಸೂಕ್ಷ್ಮವಾದ ಕೆಲಸಕ್ಕೆ ನಿಯಮಿತವಾದುವುಗಳಲ್ಲಿ ಒಂದು ಘಟಕಕ್ಕೆ ಸುಮಾರು ಹತ್ತು ತಂತುಗಳಿದ್ದರೆ, ಮೈಭಾರವನ್ನು ಹೊರುವ ಮೀನಖಂಡದಲ್ಲಿ ಸಾವಿರಕ್ಕೂ ಮಿಕ್ಕಿ ಇರುತ್ತವೆ. ೧೯೨೯ರಲ್ಲಿ ಏಡ್ರಿಯನ್ ಮತ್ತು ಬ್ರಾಂಕ್ ಸ್ನಾಯುವಿನೊಳಕ್ಕೆ ಚುಚ್ಚಬಹುದಾದ ಸೂಜಿಯಂತಹ ವಿದ್ಯುದ್ವಾರವನ್ನು ನಿರ್ಮಿಸಿ, ಒಂದೊಂದು ಘಟಕದ ವಿದ್ಯುತ್ಸಂಕೇತವನ್ನೂ ಬೇರೆಬೇರೆಯಾಗಿ ಕೇಳುವಂತೆ ಮಾಡಿದರು. ಷೆರಿಂಗ್ಟನ್ ಮತ್ತು ಏಡ್ರಿಯನ್ ಇಬ್ಬರಿಗೂ ೧೯೩೨ರ ನೊಬೆಲ್ ಪಾರಿತೋಷಕ ಸಂದಿತು.

ಗುಚ್ಛಸ್ಫುರಣವೆಂದರೆ ಇಂತಹ ಒಂದು ಚಾಲಕ ಘಟಕ ಮೇಲಿನ ಆಜ್ಞೆಯಿಲ್ಲದೆ ತಾನಾಗಿ ಒಮ್ಮೆ ಸಿಡಿಯುವುದು. ಸಾವಿರ ತಂತುಗಳು ಒಟ್ಟಿಗೆ ಸಂಕುಚಿತವಾದುದರಿಂದ ಅದು ಕಣ್ಣಿಗೆ ಕಾಣುತ್ತದೆ. ಒಂದೇ ಘಟಕವಾದುದರಿಂದ ಕೀಲು ಅಲುಗುವುದಿಲ್ಲ. ಸಿಡಿತ ಎಲ್ಲಿ ಆರಂಭವಾಗುತ್ತದೆ? ನರಕೋಶದಲ್ಲಿಯೇ ಎಂದು ಮೊದಲು ತಿಳಿದಿದ್ದರು. ಆದರೆ ಅರಿವಳಿಕೆ ಮದ್ದಿನಿಂದ ನರವನ್ನು ಮಧ್ಯದಲ್ಲಿ ತಡೆದರೂ ಕೆಳಗಿನ ಸ್ನಾಯುವಿನಲ್ಲಿ ಸ್ಫುರಣ ನಿಲ್ಲದಿರುವುದು ಅನೇಕ ವೇಳೆ ಕಂಡುಬಂದಿತು. ಆದುದರಿಂದ ಬಹುಮಟ್ಟಿಗೆ ನರತಂತುವಿನ ತುದಿಯ ಕವಲುಗಳಲ್ಲಿಯೇ ಸಿಡಿತ ಹುಟ್ಟುತ್ತದೆಂದೂ, ಒಂದು ಕವಲಿನಲ್ಲಿ ಹುಟ್ಟಿದ ಪ್ರಚೋದನೆ ಹಿಂದಕ್ಕೆ ಹರಿದು ಉಳಿದ ಕವಲುಗಳಿಗೆಲ್ಲ ವ್ಯಾಪಿಸುತ್ತದೆಂದೂ ಈಗ ಭಾವಿಸಲಾಗಿದೆ. ನರಕೋಶದಲ್ಲಿ ಹುಟ್ಟುವುದೂ ಉಂಟು.

೩. ಪೊರೆಯ ಅಸ್ಥಿರತೆ

ನರತಂತು ಏಕೆ ತಾನಾಗಿ ಸಿಡಿಯಬೇಕು? ಇದನ್ನು ತಿಳಿಯಲು ಅದರ ಪೊರೆಯ ಸ್ವಭಾವವನ್ನು ನೋಡಬೇಕು. ವಿಶ್ರಾಂತಿಯಲ್ಲಿರುವ ನರತಂತುವಿನ ಒಳಭಾಗ ಹೊರಭಾಗಕ್ಕಿಂತ ಸುಮಾರು ೭೦ ಮಿಲಿವೋಲ್ಟಿನಷ್ಟು ಋಣವಾಗಿರುತ್ತದೆ. ಈ ಅಂತರ ಒಂದು ಮಿತಿಗಿಂತ ಕಡಮೆಯಾದರೆ ಸೋಡಿಯಮ್ ಅಯಾನುಗಳ ದ್ವಾರಗಳು ತೆರೆದು, ಪ್ರಚೋದನೆ ಕಾಳ್ಗಿಚ್ಚಿನಂತೆ ತಂತುವಿನುದ್ದಕ್ಕೂ ಹರಿಯುತ್ತದೆ. ಅನಂತರ ಪೊಟ್ಯಾಸಿಯಮ್ ಅಯಾನುಗಳು ಹೊರಹರಿದು ಸಮಸ್ಥಿತಿ ಮರಳುತ್ತದೆ. ಇದನ್ನು ಹಾಜ್ಕಿನ್ ಮತ್ತು ಹಕ್ಸ್ಲಿ ೧೯೫೨ರಲ್ಲಿ ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನ ಮೇಲೆ ನಡೆಸಿದ ಪ್ರಯೋಗಗಳಿಂದ ಗಣಿತಬದ್ಧವಾಗಿ ನಿರೂಪಿಸಿದರು. ೧೯೬೩ರ ನೊಬೆಲ್ ಪಾರಿತೋಷಕದಲ್ಲಿ ಎಕಲ್ಸ್ ಎಂಬುವರೊಡನೆ ಪಾಲುಗಾರರಾದರು. ಯಾವುದು ಸೋಡಿಯಮ್ ದ್ವಾರಗಳನ್ನು ಸುಲಭವಾಗಿ ತೆರೆಯಿಸುತ್ತದೆಯೊ, ಅಥವಾ ಪೊಟ್ಯಾಸಿಯಮ್ ಹೊರಹರಿವನ್ನು ತಡೆಯುತ್ತದೆಯೊ, ಅದು ನರವನ್ನು ಸಿಡುಕಿನ ಸ್ಥಿತಿಗೆ ತರುತ್ತದೆ.

ಕ್ಯಾಲ್ಸಿಯಮ್ಮಿನ ಉದಾಹರಣೆ ಇಲ್ಲಿ ಬೋಧಪ್ರದವಾಗಿದೆ. ಪೊರೆಯ ಹೊರಮೈಯಲ್ಲಿರುವ ಕ್ಯಾಲ್ಸಿಯಮ್ ಅಯಾನುಗಳು ಸೋಡಿಯಮ್ ದ್ವಾರಗಳಿಗೆ ಕಾವಲುಗಾರರಂತಿವೆ. ಅವು ಕಡಮೆಯಾದರೆ ಅಲ್ಪ ಪ್ರಚೋದನೆಗೂ ದ್ವಾರ ತೆರೆಯುತ್ತದೆ. ಆಗ ತುಟಿ ಬೆರಳುಗಳಲ್ಲಿ ಜುಮುಗುಟ್ಟುವಿಕೆ, ಮಿಡಿತ, ಕೊನೆಗೆ ಕೈಬೆರಳುಗಳು ಸೆಟೆದುಕೊಳ್ಳುವ ಟೆಟನಿ ಎಂಬ ಸ್ಥಿತಿ ಒದಗುತ್ತವೆ. ಕಿವಿಯ ಮುಂದೆ ಮುಖನರದ ಮೇಲೆ ಬೆರಳಿನಿಂದ ತಟ್ಟಿದರೆ ತುಟಿಯ ಅಂಚು ಎಗರುವುದು ಇದರ ಪ್ರಸಿದ್ಧ ಕುರುಹು. ಆದರೆ ಕೆಲವು ನಿರೋಗಿಗಳಲ್ಲಿಯೂ ಅದು ಕಾಣುವುದರಿಂದ ಅದೊಂದನ್ನೇ ನೆಚ್ಚಲಾಗದು. ಇನ್ನೊಂದು ಸ್ವಾರಸ್ಯವೇನೆಂದರೆ, ರಕ್ತದಲ್ಲಿ ಒಟ್ಟು ಕ್ಯಾಲ್ಸಿಯಮ್ ಸರಿಯಾಗಿದ್ದರೂ ಈ ಸ್ಥಿತಿ ಬರಬಹುದು. ಭಯಗೊಂಡವನು ಬೇಗಬೇಗನೆ ಉಸಿರಾಡಿದರೆ ಇಂಗಾಲದ ಡೈಆಕ್ಸೈಡು ಹೆಚ್ಚಾಗಿ ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ. ಆಗ ಕ್ಯಾಲ್ಸಿಯಮ್ಮಿನ ಹೆಚ್ಚು ಭಾಗ ರಕ್ತದ ಪ್ರೋಟೀನುಗಳಿಗೆ ಅಂಟಿಕೊಂಡು, ಮುಕ್ತವಾಗಿರುವ ಭಾಗ ಕುಗ್ಗುತ್ತದೆ. ಮಿಡಿತವನ್ನು ಕಂಡು ಹೆದರಿದವನಲ್ಲಿ ಆ ಹೆದರಿಕೆಯೇ ಮಿಡಿತವನ್ನು ಹೆಚ್ಚಿಸಬಲ್ಲುದೆಂಬುದಕ್ಕೆ ಇದು ಒಂದು ಶಾರೀರಿಕ ಕಾರಣ. ಮೆಗ್ನೀಸಿಯಮ್ಮಿನ ಕೊರತೆಯಲ್ಲಿ, ಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆಯಲ್ಲಿ, ಮೂತ್ರವನ್ನು ಹೆಚ್ಚಿಸುವ ಕೆಲವು ಔಷಧಗಳಿಂದ ಲವಣಗಳು ನಷ್ಟವಾದಾಗ ಸಹ ಸ್ಫುರಣ ಕಾಣಿಸಿಕೊಳ್ಳಬಹುದು.

ಪೊಟ್ಯಾಸಿಯಮ್ ಪಕ್ಷದ ದೋಷಕ್ಕೆ ನಿದರ್ಶನ, ಐಸಾಕ್ಸ್ ಎಂಬ ದಕ್ಷಿಣ ಆಫ್ರಿಕದ ವೈದ್ಯರು ೧೯೬೧ರಲ್ಲಿ ವರ್ಣಿಸಿದ ವಿರಳ ರೋಗ. ಇದರಲ್ಲಿ ಸ್ನಾಯುಗಳು ಬಿಡುವಿಲ್ಲದೆ ಅಲೆಯಲೆಯಾಗಿ ಮಿಡಿಯುತ್ತವೆ, ನಿದ್ರೆಯಲ್ಲಿಯೂ ನಿಲ್ಲುವುದಿಲ್ಲ. ಪೊಟ್ಯಾಸಿಯಮ್ ದ್ವಾರಗಳಿಗೆ ಸಂಬಂಧಿಸಿದ ಪ್ರೋಟೀನುಗಳ ವಿರುದ್ಧ ದೇಹವೇ ಪ್ರತಿವಸ್ತುಗಳನ್ನು ತಯಾರಿಸುವುದು ಅನೇಕ ರೋಗಿಗಳಲ್ಲಿ ಇದಕ್ಕೆ ಕಾರಣವೆಂದು ೧೯೯೦ರ ದಶಕದಿಂದ ಈಚೆಗೆ ತಿಳಿದುಬಂದಿದೆ.

೪. ವಿಷಜನ್ಯ ಸ್ಫುರಣ

ನರದ ತುದಿಯಿಂದ ಸ್ನಾಯುವಿಗೆ ಸಂದೇಶವನ್ನು ಒಯ್ಯುವ ದ್ರವ್ಯ ಅಸಿಟೈಲ್‌ಕೋಲಿನ್. ಕೆಲಸ ಮುಗಿದೊಡನೆ ಕೋಲಿನೆಸ್ಟರೇಸ್ ಎಂಬ ಕಿಣ್ವ ಅದನ್ನು ನಾಶಗೊಳಿಸುತ್ತದೆ. ಸಾವಯವ ರಂಜಕದ ಕೀಟನಾಶಕಗಳು ಈ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಆಗ ಅಸಿಟೈಲ್‌ಕೋಲಿನ್ ಅಲ್ಲಿಯೇ ಶೇಖರವಾಗಿ ಸ್ನಾಯುಗಳನ್ನು ಪುನಃಪುನಃ ಕೆರಳಿಸುತ್ತದೆ. ರೆಪ್ಪೆ, ನಾಲಗೆ, ಎದೆ, ತೊಡೆಗಳಲ್ಲೆಲ್ಲ ಸ್ಫುರಣ ಹಬ್ಬುತ್ತದೆ. ಕೊನೆಗೆ ಸ್ನಾಯುಗಳು ದಣಿದು ನಿಶ್ಚೇಷ್ಟಿತವಾಗುತ್ತವೆ. ಉಸಿರಾಟದ ಸ್ನಾಯುಗಳೂ ಹಾಗೆಯೇ ಆದಾಗ ಸಾವು ಸಂಭವಿಸುತ್ತದೆ. ಇದೇ ಕ್ರಮವನ್ನು ನಿರಪಾಯಕರವಾದ ರೂಪದಲ್ಲಿ ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ನೋಡಬಹುದು: ಸಕ್ಸಮೆಥೋನಿಯಮ್ ಎಂಬ ಔಷಧವನ್ನು ಕೊಟ್ಟ ಕೂಡಲೆ ರೋಗಿಯ ಮೈಯೆಲ್ಲ ಒಮ್ಮೆ ಮಿಡಿದು, ಮರುಕ್ಷಣ ಸಡಿಲವಾಗುತ್ತದೆ.

೧೯೫೮ರಲ್ಲಿ ಕೇರಳದಲ್ಲಿ, ಹಡಗಿನಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕದ ಜೊತೆಯಲ್ಲಿ ಬಂದು ಮಲಿನವಾದ ಗೋಧಿಹಿಟ್ಟನ್ನು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ೧೯೬೮ರ ಕೀಟನಾಶಕ ಕಾಯಿದೆಗೆ ಈ ದುರಂತವೇ ಪ್ರೇರಣೆಯಾಯಿತು. ಇಂದಿಗೂ ಹೊಲದಲ್ಲಿ ಮದ್ದು ಸಿಂಪಡಿಸುವ ರೈತನಿಗೆ ಈ ಅಪಾಯ ತಪ್ಪಿದ್ದಲ್ಲ. ಅಂತಹವನಲ್ಲಿ ಬೆವರು, ಜೊಲ್ಲು, ಕಣ್ಣಿನ ಪಾಪೆ ಸಾಸಿವೆಕಾಳಿನಂತೆ ಕುಗ್ಗುವುದು, ಉಬ್ಬಸ ಇವುಗಳ ಜೊತೆಗೆ ಸ್ಫುರಣ ಕಂಡರೆ ಅದು ಕ್ಷಣವನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕಾದ ಸೂಚನೆ. ಬಟ್ಟೆಯನ್ನು ತೆಗೆದು ಮೈಯನ್ನು ಸಾಬೂನುನೀರಿನಿಂದ ತೊಳೆಯುವುದು ಮೊದಲ ಉಪಚಾರ. ತೊಳೆಯುವವನು ವಿಷ ತನ್ನ ಚರ್ಮಕ್ಕೆ ತಾಗದಂತೆ ನೋಡಿಕೊಳ್ಳಬೇಕು. ಅಟ್ರೊಪೀನ್ ಎಂಬ ಔಷಧ ಜೊಲ್ಲು, ಕಫ, ಉಬ್ಬಸಗಳನ್ನು ತಡೆದು ಜೀವವನ್ನು ಉಳಿಸುತ್ತದೆಯಾದರೂ ಸ್ನಾಯುಗಳ ಮೇಲೆ ಅದರ ಪರಿಣಾಮವಿಲ್ಲ. ಆದುದರಿಂದ ಸ್ಫುರಣ ಮುಂದುವರಿಯಿತೆಂದು ಚಿಕಿತ್ಸೆ ವಿಫಲವಾಯಿತೆಂದೂ, ಜೊಲ್ಲು ನಿಂತಿತೆಂದು ಅಪಾಯ ಕಳೆಯಿತೆಂದೂ ತಿಳಿಯಬಾರದು. ಉಸಿರಾಟವನ್ನು ದಿನಗಟ್ಟಲೆ ಕಾಯಬೇಕಾಗಬಹುದು.

೫. ಚಾಲಕ ನರಕೋಶಗಳ ರೋಗಗಳು

ವಿದ್ಯಾರ್ಥಿಯ ಭಯಕ್ಕೆ ಕಾರಣವಾದ ರೋಗವನ್ನು ಪ್ಯಾರಿಸ್ಸಿನ ಷಾರ್ಕೊ ೧೮೬೯ರಿಂದ ಆರಂಭಿಸಿ ವರ್ಣಿಸಿದನು. ೧೮೭೪ರಲ್ಲಿ ಅದಕ್ಕೆ ಅಮಯೋಟ್ರೋಫಿಕ್ ಲ್ಯಾಟರಲ್ ಸ್ಕ್ಲೆರೋಸಿಸ್ ಎಂಬ ಹೆಸರನ್ನು ಕೊಟ್ಟನು. ಇದರಲ್ಲಿ ಮಿದುಳಿನ ಮತ್ತು ಮಿದುಳುಬಳ್ಳಿಯ ಚಾಲಕ ನರಕೋಶಗಳು ಕ್ರಮೇಣ ನಾಶವಾಗುತ್ತವೆ. ಸಾಯುತ್ತಿರುವ ನರಕೋಶದ ತಂತು ಅಸ್ಥಿರವಾಗಿ ಸಿಡಿಯುವುದರಿಂದ ಗುಚ್ಛಸ್ಫುರಣ. ಸತ್ತ ನರಕೋಶದಿಂದ ಅನಾಥವಾದ ಸ್ನಾಯುತಂತುಗಳಲ್ಲಿ ತಂತುಸ್ಫುರಣ. ಸ್ನಾಯು ಸೊರಗುತ್ತದೆ; ಬಲ ಕುಗ್ಗುತ್ತದೆ; ಮಾತು, ನುಂಗುವಿಕೆ, ಉಸಿರಾಟಗಳು ಒಂದೊಂದಾಗಿ ಕೆಡುತ್ತವೆ. ಬಹುಪಾಲು ರೋಗಿಗಳ ಆಯುಸ್ಸು ರೋಗಾರಂಭದಿಂದ ಎರಡರಿಂದ ಐದು ವರ್ಷ. ಹತ್ತರಲ್ಲಿ ಒಬ್ಬರು ಹತ್ತು ವರ್ಷಕ್ಕೂ ಮೀರಿ ಬದುಕುವುದುಂಟು. ೨೦೦೬ರಲ್ಲಿ ಜಪಾನಿನ ಅವಾಜಿ ದ್ವೀಪದಲ್ಲಿ ಸೇರಿದ ತಜ್ಞರು, ಈ ರೋಗದ ಲಕ್ಷಣಗಳು ಈಗಾಗಲೇ ಕಾಣುತ್ತಿರುವ ವ್ಯಕ್ತಿಯಲ್ಲಿ ಗುಚ್ಛಸ್ಫುರಣದ ವಿದ್ಯುತ್ಸಂಕೇತಕ್ಕೂ ತಂತುಸ್ಫುರಣಕ್ಕೆ ಸಮಾನವಾದ ಪ್ರಾಮಾಣ್ಯವನ್ನು ಕೊಡಬಹುದೆಂದು ನಿರ್ಣಯಿಸಿದರು. ‘ಲಕ್ಷಣಗಳು ಈಗಾಗಲೇ ಕಾಣುತ್ತಿರುವ’ ಎಂಬ ನಿಯಮವನ್ನು ಗಮನಿಸಬೇಕು. ನಿರೋಗಿಯ ಮಿಡಿತಕ್ಕೆ ಈ ನಿರ್ಣಯ ಅನ್ವಯಿಸುವುದಿಲ್ಲ.

ಚಾಲಕ ನರಕೋಶದ ರೋಗಗಳೆಲ್ಲ ಒಂದೇ ಬಗೆಯವಲ್ಲ. ದಕ್ಷಿಣಭಾರತದ ವೈದ್ಯರು ಈ ವಿಷಯದಲ್ಲಿ ಗಣ್ಯವಾದ ಕೆಲಸವನ್ನು ಮಾಡಿದ್ದಾರೆ. ಎಳೆಯ ವಯಸ್ಸಿನಲ್ಲಿ ಆರಂಭವಾಗಿ, ಮುಖ ಮತ್ತು ಗಂಟಲಿನ ಸ್ನಾಯುಗಳ ದೌರ್ಬಲ್ಯದೊಡನೆ ಅನೇಕರಲ್ಲಿ ಕಿವುಡನ್ನೂ ತರುವ, ಆದರೆ ಬಹು ನಿಧಾನವಾಗಿ ಬೆಳೆಯುವ ಪ್ರಭೇದವೊಂದನ್ನು ೧೯೭೦ರಲ್ಲಿ ಮದರಾಸಿನಿಂದ ವರದಿ ಮಾಡಲಾಯಿತು. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯ ಗೌರಿದೇವಿ ಮತ್ತು ಅವರ ಸಹೋದ್ಯೋಗಿಗಳು ಅದನ್ನು ಕೂಲಂಕಷವಾಗಿ ಅಧ್ಯಯನ ಮಾಡಿದರು. ಇದೇ ತಂಡ ೧೯೮೪ರಲ್ಲಿ, ಬಹುಮಟ್ಟಿಗೆ ತರುಣರಲ್ಲಿ ಒಂದೇ ಕೈ ಅಥವಾ ಒಂದೇ ಕಾಲು ಸೊರಗುವ ಇನ್ನೊಂದು ಸ್ಥಿತಿಯನ್ನು ವರ್ಣಿಸಿತು. ಕೈಗೆ ತಗಲುವ ಇಂತಹುದೇ ರೋಗವನ್ನು ಜಪಾನಿನ ಹಿರಯಾಮ ೧೯೫೯ರಲ್ಲಿಯೇ ತಿಳಿಸಿದ್ದರು. ಕೆಲವು ವರ್ಷ ಬೆಳೆದು ತಾನಾಗಿಯೇ ನಿಂತುಬಿಡುವುದು ಇದರ ವಿಶೇಷ. ಸೊರಗಿದ ಕೈಯಲ್ಲಿ ಸ್ಫುರಣವನ್ನು ಕಂಡೊಡನೆ ತರುಣನಿಗೆ ಮರಣಶಾಸನವನ್ನು ಬರೆದುಕೊಡುವುದು ಎಷ್ಟು ಅನ್ಯಾಯವೆಂಬುದು ಇದರಿಂದ ವಿಶದವಾಗುತ್ತದೆ.

೬. ನಿರುಪದ್ರವಿ ಸ್ಫುರಣ

ಇನ್ನು ಎಲ್ಲಕ್ಕಿಂತ ಸಾಮಾನ್ಯವಾದ ಸ್ಥಿತಿಯನ್ನು ಕುರಿತು. ೧೯೬೩ರಲ್ಲಿ ರೀಡ್ ಮತ್ತು ಕರ್ಲಂಡ್ ಎಂಬುವರು ಆರೋಗ್ಯವಂತರನ್ನು ವಿಚಾರಿಸಿದಾಗ ನೂರರಲ್ಲಿ ಸುಮಾರು ೭೦ ಜನ ತಮಗೆ ಒಂದಲ್ಲ ಒಂದು ಸಲ ಸ್ಫುರಣವಾಗಿದೆಯೆಂದು ತಿಳಿಸಿದರು. ರೆಪ್ಪೆ, ಮೀನಖಂಡ, ತೊಡೆ, ಹೆಬ್ಬೆರಳಿನ ಬುಡ ಇವು ಅದರ ಮೆಚ್ಚಿನ ಸ್ಥಾನಗಳು. ನಿದ್ರೆಗೆಡುವುದು, ಮನಸ್ಸಿನ ಉದ್ವೇಗ, ಕಾಫಿಯ ಅತಿಸೇವನೆ, ಕಠಿನವಾದ ವ್ಯಾಯಾಮ ಇವು ಅದನ್ನು ಹೆಚ್ಚಿಸುವುದು ಅನುಭವಸಿದ್ಧ. ಪರೀಕ್ಷೆಯ ಕಾಲದಲ್ಲಿ ಈ ನಾಲ್ಕರಲ್ಲಿ ಮೊದಲ ಮೂರೂ ಕೂಡಿಬರುವುದರಿಂದ ವಿದ್ಯಾರ್ಥಿಗಳ ರೆಪ್ಪೆ ಅದುರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ದೇಹ ವಿಶ್ರಾಂತಿಯಲ್ಲಿರುವಾಗ, ಮುಖ್ಯವಾಗಿ ರಾತ್ರಿ ಮಲಗಿದಾಗ, ಅದು ಹೆಚ್ಚಾಗಿ ಅನುಭವಕ್ಕೆ ಬರುತ್ತದೆ. ಬೇರೆ ಚಲನೆಗಳಿಲ್ಲದಿರುವುದೂ ಗಮನವೆಲ್ಲ ಅಲ್ಲಿಯೇ ನೆಲೆಸುವುದೂ ಇದಕ್ಕೆ ಕಾರಣ.

ಅಮೆರಿಕದ ಮೇಯೊ ಚಿಕಿತ್ಸಾಲಯದವರು ಇಂತಹ ಸ್ಫುರಣವುಳ್ಳ, ಆದರೆ ಬೇರೆ ದೋಷ ಕಾಣದ ೧೨೧ ಜನರನ್ನು ೨ರಿಂದ ೩೨ ವರ್ಷಗಳವರೆಗೆ ಅನುಸರಿಸಿ ನೋಡಿದರು. ಒಬ್ಬರಿಗೂ ಷಾರ್ಕೊನ ರೋಗ ಬರಲಿಲ್ಲವೆಂದು ೧೯೯೩ರಲ್ಲಿ ಪ್ರಕಟಿಸಿದರು. ಅನಂತರ ಕೆಲವು ಅಪವಾದಗಳು ವರದಿಯಾಗಿವೆ. ಆದರೆ ಅವು ಅತಿ ವಿರಳ.

೭. ನಿರ್ಣಯ

ಈಗ ಲೆಕ್ಕವನ್ನು ಒಮ್ಮೆ ಹಾಕಿ ನೋಡೋಣ. ಯೂರೋಪಿನಲ್ಲಿ ಒಂದು ಲಕ್ಷ ಜನರಲ್ಲಿ ವರ್ಷಕ್ಕೆ ಸುಮಾರು ಇಬ್ಬರಿಗೆ ಷಾರ್ಕೊನ ರೋಗ ಹೊಸದಾಗಿ ತಗಲುತ್ತದೆ. ಅದೇ ಒಂದು ಲಕ್ಷದಲ್ಲಿ ಸ್ಫುರಣವನ್ನು ಅನುಭವಿಸಿರುವವರು ಸುಮಾರು ೭೦,೦೦೦. ಆ ಇಬ್ಬರೂ ಈ ಗುಂಪಿನಲ್ಲಿಯೇ ಇದ್ದಾರೆಂದು ಇಟ್ಟುಕೊಂಡರೂ ೩೫,೦೦೦ ಜನಕ್ಕೆ ಒಬ್ಬರಾಯಿತು. ನ್ಯಾಯಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಕೇವಲ ಸ್ಫುರಣವು ಈ ರೋಗಕ್ಕೆ ಸವ್ಯಭಿಚಾರವಾದ ಹೇತು. ಹೊಗೆಯಿದ್ದಲ್ಲಿ ಬೆಂಕಿಯನ್ನು ಊಹಿಸಬಹುದು. ಏಕೆಂದರೆ ಬೆಂಕಿಯಿಲ್ಲದೆಡೆ ಹೊಗೆಯಿಲ್ಲ. ಸ್ಫುರಣವಾದರೊ ರೋಗವಿಲ್ಲದೆಡೆಯಲ್ಲಿಯೇ ಬಹುವಾಗಿ ಕಾಣುತ್ತದೆ.

ಹಾಗಾದರೆ ಹೇತುವನ್ನು ಬಲಪಡಿಸುವುದು ಯಾವುದು? ಸ್ನಾಯುವಿನ ಬಲ ಕುಗ್ಗುವುದು, ಸ್ನಾಯು ಸೊರಗುವುದು, ಗುಂಡಿ ಹಾಕುವುದು, ಬೀಗ ತೆರೆಯುವುದು, ಮೆಟ್ಟಿಲು ಹತ್ತುವುದು ಮುಂತಾದ ದಿನದಿನದ ಕೆಲಸಗಳು ಕಷ್ಟವಾಗುವುದು, ಮಾತು ತೊದಲುವುದು, ನುಂಗುವಾಗ ಕೆಮ್ಮು ಬರುವುದು. ಇವುಗಳಲ್ಲಿ ಒಂದಿದ್ದರೂ, ಸ್ಫುರಣವಿರಲಿ ಇಲ್ಲದಿರಲಿ, ನರರೋಗತಜ್ಞನನ್ನು ಕಾಣಬೇಕು. ಅಂತೆಯೇ ಹೊಸ ಔಷಧವನ್ನು ತೆಗೆದುಕೊಂಡ ಮೇಲೆ ಅಥವಾ ವಿಷದ ಸಂಪರ್ಕವಾದ ಮೇಲೆ ಆರಂಭವಾದ ಸ್ಫುರಣವನ್ನೂ ವೈದ್ಯನಿಗೆ ತಿಳಿಸಬೇಕು. ಇವು ಯಾವುವೂ ಇಲ್ಲದೆ ರೆಪ್ಪೆಯೊ ಮೀನಖಂಡವೊ ಮಿಡಿದರೆ ಅದಕ್ಕೆ ಔಷಧ ಬೇಕಾಗಿಲ್ಲ. ನಿದ್ರೆಯೂ ಕಾಲವೂ ಸಾಕು.

ಅಧ್ಯಾಪಕರಿಗೆ ಒಂದು ಮಾತು. ರೋಗಲಕ್ಷಣಗಳನ್ನು ಬೋಧಿಸುವಾಗ ಅವು ರೋಗಿಗಳಲ್ಲಿ ಎಷ್ಟರಮಟ್ಟಿಗೆ ಕಾಣುತ್ತವೆ ಎಂಬುದನ್ನು ಹೇಳಿದರೆ ಅರ್ಧ ಪಾಠ ಹೇಳಿದಂತಾಯಿತು. ನಿರೋಗಿಗಳಲ್ಲಿ ಎಷ್ಟರಮಟ್ಟಿಗೆ ಕಾಣುತ್ತವೆ ಎಂಬುದು ಉಳಿದರ್ಧ. ಆ ಉಳಿದರ್ಧವನ್ನು ಕೇಳದ ವಿದ್ಯಾರ್ಥಿಯು ಇಂದು ತನ್ನ ಹೆಬ್ಬೆರಳನ್ನು ನೋಡಿಕೊಂಡು ಅಂಜುತ್ತಾನೆ. ನಾಳೆ ವೈದ್ಯನಾದ ಮೇಲೆ ರೋಗಿಯನ್ನು ಅಂಜಿಸುತ್ತಾನೆ.